ಹೊಳೆಗೆ ದಡ ಎರಡು, ಕಾಯಿದೆ ಒಂದೇ

ಕುಡಿದು ಗಾಡಿ ನಡೆಸುವುದು ಅಪರಾಧವೆಂಬುದು ಎಲ್ಲರಿಗೂ ಗೊತ್ತು. ಆ ಅಪರಾಧವನ್ನು ಕಾಯಿದೆ ಅಳೆದ ಬಗೆ ಹೇಗೆ ಬದಲಾಯಿತು, ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಮಗೆ ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ಇಂದು ನೋಡೋಣ.

ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ತನಕ ರಾಯಚೂರು ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ಇವು ಆಂಧ್ರಪ್ರದೇಶಕ್ಕೆ ಸೇರಿದವು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಬೀಗತನ, ಸಂತೆ, ಎರಡು ನುಡಿಯ ಬಳಕೆ ಹಾಗೆಯೇ ಉಳಿದವು. ಅಬಕಾರಿ ಮಾತ್ರ ಎರಡು ರಾಜ್ಯಗಳ ಪಾಲಾಯಿತು, ಏಕೆಂದರೆ ಸಂವಿಧಾನದಲ್ಲಿ ಮದ್ಯವು ರಾಜ್ಯದ ವಿಷಯ.

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದುನಿಂತರು. ಆ ಚಳವಳಿ ಆಂಧ್ರವನ್ನೆಲ್ಲ ವ್ಯಾಪಿಸಿತು. 1993ರ ಅಕ್ಟೋಬರ್ 1ರಿಂದ ಅಲ್ಲಿ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪೂರ್ಣ ಪಾನನಿಷೇಧ ತಂದಿತು. 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ಆ ಎರಡು ವರ್ಷ ಕೃಷ್ಣೆಯ ಈ ದಡದಲ್ಲಿ ಅಂಗಡಿ ಬಂದ್, ರಾಯಚೂರಿನ ದಡದಲ್ಲಿ ಬಾಗಿಲು ತೆರೆದಿತ್ತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಕುಡಿಯಲೆಂದು ಹೊಳೆ ದಾಟಿದವನು ಕುಡಿದ ಮೇಲೆ ಮತ್ತೆ ದಾಟಿ ಬರಲೇಬೇಕಲ್ಲವೆ? ಮದ್ಯದ ಕಾಯಿದೆ ಸೇತುವೆಯ ಮೇಲೆ ಬದಲಾಗುತ್ತದೆ; ಮೋಟಾರು ವಾಹನ ಕಾಯಿದೆ ಬದಲಾಗುವುದಿಲ್ಲ. ಅದು ಇಡೀ ದೇಶದ್ದು.

1939ರ ಮೋಟಾರು ವಾಹನ ಕಾಯಿದೆಯಲ್ಲಿ, ಚಾಲಕನು ಗಾಡಿಯ ಹತೋಟಿ ತಪ್ಪುವಷ್ಟು ಅಮಲಿನಲ್ಲಿದ್ದರೆ ಅಪರಾಧ. ತೂರಾಡಿದನೆ, ವಾಸನೆ ಬಂತೆ ಎಂದು ಕಣ್ಣು ಮೂಗುಗಳಿಂದ ನಿರ್ಧರಿಸಬೇಕಿತ್ತು. 1988ರ ಕಾಯಿದೆಯ 185ನೆಯ ಕಲಮು ರಕ್ತದಲ್ಲಿ ಮದ್ಯಸಾರ ಎಷ್ಟು ಕಡಿಮೆ ಇದ್ದರೂ ತಪ್ಪು ಎಂದಿತು. 1994ರ ತಿದ್ದುಪಡಿಯಲ್ಲಿ ಅದಕ್ಕೊಂದು ಲೆಕ್ಕ ಬಂತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಬಾರದು. ಉಸಿರು ಊದಿಸುವ ಯಂತ್ರ ಸಾಕ್ಷಿಯಾಯಿತು. ಮೊದಲ ಸಲದ ಅಪರಾಧಕ್ಕೆ ಆರು ತಿಂಗಳ ಸಜೆ ಅಥವಾ 2,000 ರೂಪಾಯಿ ದಂಡ, ಇಲ್ಲವೆ ಎರಡೂ. 2019ರ ತಿದ್ದುಪಡಿ ದಂಡವನ್ನು 10,000ಕ್ಕೆ ಏರಿಸಿತು. ಎರಡನೆಯ ಸಲಕ್ಕೆ ಎರಡು ವರ್ಷದ ಸಜೆ ಅಥವಾ 15,000 ರೂಪಾಯಿ, ಇಲ್ಲವೆ ಎರಡೂ.

ನಮ್ಮ ಸೀಮೆಗೆ ಇಲ್ಲೊಂದು ತೊಡಕಿದೆ. ಹಳೆಯ ಮಹಬೂಬನಗರ ಜಿಲ್ಲೆಯಲ್ಲಿ ಸೇಂದಿಗೆ ಡೈಜೆಪಾಂ, ಆಲ್ಪ್ರಜೋಲಾಂನಂಥ ನಿದ್ದೆಯ ಔಷಧ ಬೆರೆಸುವ ಪಿಡುಗು ಬಹುಕಾಲದ್ದು. 2015ರಲ್ಲಿ ಸರ್ಕಾರ ಕಲಬೆರಕೆಯನ್ನು ಬಿಗಿಯಾಗಿ ತಡೆದಾಗ, ಚಟ ಹತ್ತಿದ್ದವರು ಸೇಂದಿ ಸಿಗದೆ ನಡುಗುತ್ತ ಆಸ್ಪತ್ರೆ ಸೇರಿದರು. ಉಸಿರಿನ ಯಂತ್ರ ಮದ್ಯಸಾರವನ್ನು ಎಣಿಸುತ್ತದೆಯೇ ಹೊರತು ಈ ಔಷಧವನ್ನಲ್ಲ. ಆದರೆ ಅದೇ 185ನೆಯ ಕಲಮು ಔಷಧದ ಅಮಲಿನಲ್ಲಿ ಹತೋಟಿ ತಪ್ಪಿದವನನ್ನೂ ಅಪರಾಧಿ ಎನ್ನುತ್ತದೆ. ಯಂತ್ರ ಸುಮ್ಮನಿದ್ದ ಮಾತ್ರಕ್ಕೆ ಕಾಯಿದೆ ಸುಮ್ಮನಿರುವುದಿಲ್ಲ. ಕಣ್ಣಿನ ರೆಪ್ಪೆಯೂ ಸುಮ್ಮನಿರದು, ಮುಚ್ಚಿಕೊಳ್ಳುತ್ತದೆ.

ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಮರುವರ್ಷ ಸಣ್ಣ ಊರುಗಳಿಗೆ ಅದು 220 ಮೀಟರಿಗೆ ಇಳಿಯಿತು. ಪುರಸಭೆಯ ಎಲ್ಲೆಯೊಳಗೆ ಇನ್ನಷ್ಟು ಸಡಿಲವಾಯಿತು. ಅಂಗಡಿ ದೂರ ಸರಿದರೂ ಕುಡಿದವನು ಗಾಡಿಯಲ್ಲೇ ಮರಳಿದರೆ ಫಲವೇನು?

2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ತುಂಗಭದ್ರೆಯ ಆಚೆ, ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ ಹೊತ್ತಿ ಉರಿಯಿತು. ಗದ್ವಾಲ ಜಿಲ್ಲೆಯನ್ನು ಹಾದುಹೋಗುವ ಅದೇ 44ನೆಯ ಹೆದ್ದಾರಿ. ಮೊದಲೇ ಉರುಳಿ ರಸ್ತೆಯಲ್ಲಿ ಬಿದ್ದಿದ್ದ ಮೋಟಾರು ಸೈಕಲು ಬಸ್ಸಿನಡಿ ಸಿಕ್ಕಿ ಕಿಡಿ ಹಾರಿತ್ತು. ಬೆಂಕಿ ಹಬ್ಬಲು ಬೇರೆ ಕಾರಣಗಳೂ ಇದ್ದವು. ಬಸ್ಸಿನೊಳಗಿದ್ದ 19 ಮಂದಿ ಸತ್ತರು; ಸೈಕಲಿನ ಸವಾರನೂ ಸತ್ತ. ಅವನು ಕುಡಿದಿದ್ದನೆಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ತಿಳಿಯಿತೆಂದು ಪೊಲೀಸರು ಹೇಳಿದರು.

ನನ್ನ ಜೀವ, ನನ್ನ ಇಷ್ಟ ಎನ್ನುವವರಿಗೆ ಈ ಘಟನೆಯೇ ಉತ್ತರ. ಕಾಯಿದೆ ಎಚ್ಚರಾಗುವುದು ಗಾಡಿ ಹೊರಟ ಮೇಲೆ. ಗಾಡಿ ಹೊರಡುವ ಮುನ್ನ ಎಚ್ಚರಿರಬೇಕಾದವರು ಮನೆಯವರು, ಬೀಗರು, ಗೆಳೆಯರು. ಮದುವೆಗೋ ಜಾತ್ರೆಗೋ ಬಂದವನು ಕುಡಿದಿದ್ದರೆ, ಕೀಲಿಕೈ ಇಸಿದುಕೊಂಡು ಚಾಪೆ ಹಾಸಿಕೊಡಿ. ಬೆಳಗಾದ ಮೇಲೆ ಅವನು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ, ಮನೆ ಮುಟ್ಟುತ್ತಾನಲ್ಲ.