ಬಿಗಿದ ಹಗ್ಗದ ಎರಡು ತುದಿ

ನಮ್ಮ ಕಾಲದಲ್ಲಿ ಬಳಸಿ ಬಳಸಿ ಸವೆದ ಮಾತುಗಳಲ್ಲಿ 'ಟೆನ್ಷನ್' ಎಂಬುದೂ ಒಂದು. ಪರೀಕ್ಷೆ ಬಂತೆಂದರೆ ಹುಡುಗನಿಗೆ ಟೆನ್ಷನ್. ಬಸ್ಸು ತಡವಾದರೆ ಯಜಮಾನರಿಗೆ ಟೆನ್ಷನ್. ಅಕ್ಕಿಗೆ ನೀರು ಹೆಚ್ಚಾದರೆ ಮನೆಯಾಕೆಗೂ ಅದೇ. ಇದೇ ಮಾತು ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಹಗ್ಗದ ಗುಣವಾಗುತ್ತದೆ, ರಾಜಕೀಯ ವರದಿಗಾರನ ಲೇಖನಿಯಲ್ಲಿ ಎರಡು ಪಕ್ಷಗಳ ಹಗೆಯಾಗುತ್ತದೆ. ಹಗ್ಗಕ್ಕೂ ಹಗೆಗೂ ಏನು ನಂಟು? ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇಂಥ ಪ್ರಶ್ನೆ ಎದುರಾದಾಗ ಮಾತಿನ ಬೇರನ್ನು ಕೆದಕುವುದು ಅಭ್ಯಾಸ. ಕೆದಕಿದರೆ ಬೇರು ಕೊಡಗಿನ ಚರಿತ್ರೆಯವರೆಗೂ ಹೋಗುತ್ತದೆ.

ಇಂಗ್ಲಿಷಿನ ಈ ಶಬ್ದ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲಿ ಅದಕ್ಕೆ 'ಹಿಗ್ಗಿಸಿ ಎಳೆ' ಎಂದು ಅರ್ಥ. ಸಂಸ್ಕೃತದ 'ತನ್' ಎಂಬ ಧಾತು ಅದರ ದಾಯಾದಿ. ಧಾತುಪಾಠದಲ್ಲಿ ಅದಕ್ಕೆ ವಿಸ್ತರಿಸುವುದು ಎಂಬ ಅರ್ಥವಿದೆ. ವೀಣೆಯ ತಂತಿ, ಬಟ್ಟೆಯ ತಂತು, ಗಾಯಕನ ತಾನ ಇವೆಲ್ಲ ಆ ಧಾತುವಿನ ಮಕ್ಕಳು. 'ಸಂತಾನ'ವೂ ಅದರಿಂದಲೇ ಹುಟ್ಟಿದ್ದು. ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದಂತೆ ಚಾಚಿಕೊಂಡಿರುವುದು ಈ ಮಾತಿನ ಒಳಗಿನ ಭಾವ. ಇನ್ನು ಪತ್ರಿಕೆಗಳಲ್ಲಿ 'ಪರಿಸ್ಥಿತಿ ಉದ್ವಿಗ್ನ' ಎಂದು ಓದುತ್ತೇವಲ್ಲ, ಆ ಮಾತಿನ ಕುಲವೇ ಬೇರೆ. ಅದು 'ವಿಜ್' ಧಾತುವಿನಿಂದ ಬಂದದ್ದು. ಅದಕ್ಕೆ ಅಂಜುವುದು, ಅದುರುವುದು ಎಂದು ಅರ್ಥ. ಬಿಗಿಯಾಗಿರುವುದು ಒಂದು ಸ್ಥಿತಿ, ಅದುರುವುದು ಇನ್ನೊಂದು ಸ್ಥಿತಿ. ನಾವು ಎರಡನ್ನೂ ಒಂದೇ ಇಂಗ್ಲಿಷ್ ಮಾತಿನ ಚೀಲದಲ್ಲಿ ತುಂಬಿ ಗಂಟು ಹಾಕಿಬಿಟ್ಟಿದ್ದೇವೆ.

ಕನ್ನಡದ 'ಬಿಗಿ' ಇವೆರಡಕ್ಕಿಂತ ಜಾಣ ಮಾತು. ಬಿಗಿ ಎಂದರೆ ಸಡಿಲವಲ್ಲದ್ದು. ಬಿಗಿ ಎಂದರೆ ಕಟ್ಟು ಎಂದೂ ಆಗುತ್ತದೆ. ಹೊರೆ ಬಿಗಿಯುತ್ತೇವೆ, ಕುದುರೆಗೆ ಜೀನು ಬಿಗಿಯುತ್ತೇವೆ. ಎಳೆತವೂ ಗಂಟೂ ಒಂದೇ ಮಾತಿನಲ್ಲಿ ಕೂಡಿವೆ. ಕಟ್ಟಿಲ್ಲದ ಎರಡು ವಸ್ತುಗಳ ನಡುವೆ ಬಿಗಿ ಹುಟ್ಟುವುದೇ ಇಲ್ಲ. ಕೊಡಗಿನ ಹಬ್ಬಗಳಲ್ಲಿ ಬಾರಿಸುವ ದುಡಿಯನ್ನು ನೋಡಿ: ನಡು ಸಣ್ಣಗಾದ ಆ ಪುಟ್ಟ ವಾದ್ಯದ ಎರಡು ಮುಖಗಳ ಚರ್ಮವನ್ನು ಹುರಿಯಿಂದ ಒಂದಕ್ಕೊಂದು ಸೆಳೆದು ಕಟ್ಟಿರುತ್ತಾರೆ. ಹುರಿ ಸಡಿಲವಾದರೆ ದುಡಿ ಮೂಕ. ಮಿತಿಮೀರಿ ಸೆಳೆದರೆ ಚರ್ಮ ಹರಿಯುತ್ತದೆ. ಈ ಎರಡರ ನಡುವಣ ಹದದಲ್ಲಿ ನಾದವಿದೆ.

ಕುಶಾಲನಗರದ ಬಳಿ ಕಾವೇರಿ ನಿಸರ್ಗಧಾಮಕ್ಕೆ ಹೋಗಲು ಒಂದು ತೂಗುಸೇತುವೆಯಿದೆ. ನಡೆದವರಿಗೆಲ್ಲ ಅದು ತೂಗಿದ್ದು ನೆನಪಿರುತ್ತದೆ; ಅದರ ಹಗ್ಗ ನೇರವಾಗಿಲ್ಲ, ನಡುವೆ ಜೋಲುಬಿದ್ದಿದೆ ಎಂಬುದನ್ನು ಗಮನಿಸುವವರು ಕಡಿಮೆ. ಆ ಜೋಲು ಕಟ್ಟಿದವರ ಅಸಡ್ಡೆಯಲ್ಲ, ಲೆಕ್ಕ. ಹಗ್ಗವನ್ನು ಹೆಚ್ಚು ಹೆಚ್ಚು ನೇರ ಮಾಡಿದಷ್ಟೂ, ಅದೇ ಭಾರವನ್ನು ಹೊರಲು ಅದರೊಳಗಿನ ಎಳೆತ ಏರುತ್ತ ಹೋಗುತ್ತದೆ. ಒಂದಿಷ್ಟೂ ಜೋಲಿಲ್ಲದ ಹಗ್ಗದ ನಡುವೆ ಒಂದು ಒದ್ದೆ ಪಂಚೆ ಹಾಕಿದರೂ ಸಾಕು, ಗೋಡೆಯ ಮೊಳೆ ಕಿತ್ತು ಬರುತ್ತದೆ. ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹೆಣಗುವ ಹೆಂಗಸರಿಗೆ ಈ ಸೂತ್ರ ಯಾವ ಪುಸ್ತಕವನ್ನೂ ಓದದೆ ಗೊತ್ತು. ರಾಜ್ಯಭಾರ ಮಾಡುವವರಿಗೆ ಮಾತ್ರ ಅದು ಬೇಗ ಮರೆತುಹೋಗುತ್ತದೆ.

ಈ ಕುಶಾಲನಗರಕ್ಕೆ ಬಹುಕಾಲ 'ಫ್ರೇಸರ್‌ಪೇಟೆ' ಎಂಬ ಹೆಸರಿತ್ತು. ಆ ಹೆಸರಿನ ಕರ್ನಲ್ ಫ್ರೇಸರನೇ 1834ರಲ್ಲಿ ಕೊಡಗನ್ನು ಕಂಪನಿಯ ಕೈಗೆ ತಂದವನು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಗೂ ಕಂಪನಿಗೂ ಜಗ್ಗಾಟ ಆ ಮೊದಲೇ ನಡೆದಿತ್ತು. 1832ರಲ್ಲಿ ಅರಸನ ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸವನೂ ಕೊಡಗಿನಿಂದ ಓಡಿಹೋಗಿ ಇಂಗ್ಲಿಷರ ಆಶ್ರಯ ಪಡೆದರು; ಅರಸ ಅವರನ್ನು ಒಪ್ಪಿಸಿರೆಂದ, ಕಂಪನಿ ಒಪ್ಪಿಸಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೇನೆ ಮಡಿಕೇರಿಯನ್ನು ಹೊಕ್ಕಿತು. ಮೇ 7ರಂದು ಹೊರಟ ಘೋಷಣೆ, ಜನರೆಲ್ಲ ಒಮ್ಮನಸ್ಸಿನಿಂದ ಬಯಸಿದ್ದರಿಂದಲೇ ನಾಡನ್ನು ವಶಕ್ಕೆ ತೆಗೆದುಕೊಂಡಿದ್ದೇವೆ ಎಂದು ಸಾರಿತು. ಅರಸ ಕಾಶಿಗೆ ಹೋದ. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಅಲ್ಲಿಯೇ ಮಣ್ಣಾದ. ಅವನ ಕಥೆಯನ್ನು ಮಾಸ್ತಿಯವರು ಕಾದಂಬರಿಯಾಗಿ ಬರೆದಿರುವುದರಿಂದ ಅದನ್ನು ವಾಚಕರಿಗೆ ಮತ್ತೆ ಹೇಳಬೇಕಾದ್ದಿಲ್ಲ.

ಒಮ್ಮನಸ್ಸು ಎಷ್ಟಿತ್ತೆಂಬುದು ಮೂರು ವರ್ಷದಲ್ಲಿ ತಿಳಿಯಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಬಿಡಿಸಿ ಕೆನರಾ ಜಿಲ್ಲೆಗೆ ಕೂಡಿಸಿತು. ಅರಸರ ಕಾಲದಲ್ಲಿ ಆ ಭಾಗದ ರೈತ ಬೆಳೆದದ್ದರಲ್ಲಿ ಪಾಲು ಅಳೆದು ಕಂದಾಯ ತೀರಿಸುತ್ತಿದ್ದ. ಹೊಸ ಆಡಳಿತ ನಗದು ಹಣ ಕೇಳಿತು. ಹೊರಗಿನಿಂದ ನೋಡಿದರೆ ಇದು ಲೆಕ್ಕಪತ್ರದ ಸಣ್ಣ ಬದಲಾವಣೆ. ರೈತನ ಅಂಗಳದಲ್ಲಿ ನಿಂತು ನೋಡಿದರೆ ಹಾಗಲ್ಲ. ಬತ್ತವನ್ನು ಹಣ ಮಾಡಲು ಅವನು ಪೇಟೆಗೆ ಹೋಗಬೇಕು, ವ್ಯಾಪಾರಿ ಹೇಳಿದ ಬೆಲೆಗೆ ತಲೆಬಾಗಬೇಕು, ಸಾಲದಿದ್ದರೆ ಸಾಲಗಾರನ ಜಗಲಿ ಹತ್ತಬೇಕು. ಹಳೆಯ ಏರ್ಪಾಡಿನಲ್ಲಿದ್ದ ಜೋಲನ್ನು ಕಂಪನಿ ಒಂದೇ ಸಲಕ್ಕೆ ಎಳೆದು ನೇರ ಮಾಡಿತ್ತು.

1837ರ ಮಾರ್ಚ್ ಕೊನೆಯಲ್ಲಿ ಹಗ್ಗ ಹರಿಯಿತು. ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ಕೂಡಿತು. ಆ ಹೆಸರನ್ನು ಹೊತ್ತು ನಿಂತವನು ಪುಟ್ಟಬಸಪ್ಪ. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು ಮುಂದಾಳುಗಳು. ರೈತರ ಆ ದಂಡು ಘಟ್ಟದ ತಪ್ಪಲಿನಿಂದ ಇಳಿದು ಏಪ್ರಿಲ್ 5ರಂದು ಮಂಗಳೂರನ್ನು ಮುಟ್ಟಿ, ಸುಮಾರು ಎರಡು ವಾರ ಅದನ್ನು ತನ್ನ ಕೈಯಲ್ಲಿಟ್ಟುಕೊಂಡಿತ್ತು. ದಕ್ಷಿಣ ಕನ್ನಡದ ಜನರ ಬಾಯಲ್ಲಿ ಇದು ಕಲ್ಯಾಣಪ್ಪನ ಕಾಟಕಾಯಿ. ಚರಿತ್ರೆಯಲ್ಲಿ ಅಮರಸುಳ್ಯದ ದಂಗೆ. ಹೊರಗಿನಿಂದ ಕಂಪನಿಯ ಪಡೆಗಳು ಬಂದ ಮೇಲೆ ದಂಗೆ ಮುರಿಯಿತು. ಅಕ್ಟೋಬರ್ 31ರಂದು ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಈ ಕಥೆಯಲ್ಲಿ ನೋವಿನ ಭಾಗ ಇನ್ನೊಂದಿದೆ. ದಂಗೆಯನ್ನು ಅಡಗಿಸುವುದರಲ್ಲಿ ಕಂಪನಿಗೆ ನೆರವಾದವರು ಕೊಡಗಿನ ದಿವಾನರೂ ಅವರ ಹಿಂದೆ ನಿಂತ ಕೊಡಗಿನ ಜನರೂ. ಅವರ ನಿಷ್ಠೆಯನ್ನು ಮೆಚ್ಚಿ ಕಂಪನಿ ಚಿನ್ನ ಬೆಳ್ಳಿಯ ಪದಕಗಳನ್ನೇ ಅಚ್ಚು ಹಾಕಿಸಿತು. ಮೂರು ವರ್ಷದ ಹಿಂದೆ ಒಬ್ಬನೇ ಅರಸನ ಪ್ರಜೆಗಳಾಗಿದ್ದವರಲ್ಲಿ ಕೆಲವರಿಗೆ ಪದಕ, ಕೆಲವರ ಕೊರಳಿಗೆ ಕುಣಿಕೆ. ಇವರು ದ್ರೋಹಿಗಳು, ಅವರು ವೀರರು ಎಂದು ತೀರ್ಪು ಹೇಳಿ ಕೈ ತೊಳೆದುಕೊಳ್ಳುವುದು ನಮಗೆ ಸುಲಭ. ನನ್ನ ಮನಸ್ಸನ್ನು ಕಾಡುವುದು ಬೇರೆ ಮಾತು. ದಿವಾನನ ಅಹವಾಲಿಗೆ ಹೊಸ ದೊರೆಯ ಬಾಗಿಲು ತೆರೆದಿತ್ತು. ಸುಳ್ಯದ ರೈತನ ಅಹವಾಲಿಗೆ ಬಾಗಿಲು ತೆರೆದಿರಲಿಲ್ಲ. ಕಂದಾಯ ಹೊರಲಾರೆ ಎಂದು ಹೇಳಿಕೊಳ್ಳಲು, ಹೇಳಿದ್ದನ್ನು ಕೇಳಿಸಿಕೊಳ್ಳಲು ಅವನಿಗೊಂದು ಚಾವಡಿ ಇರಲಿಲ್ಲ. ಹಗ್ಗದ ಒಂದು ತುದಿ ಕಂಪನಿಯ ಖಜಾನೆಯಲ್ಲಿ ಭದ್ರವಾಗಿತ್ತು. ಇನ್ನೊಂದು ತುದಿಯನ್ನು ಕಟ್ಟಲು ಗೂಟವೇ ಇರಲಿಲ್ಲ.

ಮುಂದಿನ ನೂರು ವರ್ಷಗಳನ್ನು ಬೇಗ ದಾಟಬಹುದು. ಕೊಡಗು ಬ್ರಿಟಿಷರ ಒಂದು ಪುಟ್ಟ ಪ್ರಾಂತವಾಯಿತು. ಕಾಫಿ ಬಂತು, ತೋಟಗಳು ಬಂದವು. 1861ರಲ್ಲಿ ಮಾರ್ಕ್ ಕಬ್ಬನ್ನನ ಆಜ್ಞೆಯಿಂದ ಕೊಡಗರಿಗೆ ಆಯುಧ ಕಾನೂನಿನ ವಿನಾಯಿತಿ ಸಿಕ್ಕಿತು. ಕೈಲ್‌ಪೊಳ್ದಿನಲ್ಲಿ ಪೂಜೆಗೊಳ್ಳುವ ಕೋವಿ ಮನೆಯಲ್ಲಿ ಉಳಿಯಿತು. 1924ರ ಜನವರಿಯಲ್ಲಿ 20 ಸದಸ್ಯರ ಶಾಸನ ಪರಿಷತ್ತು ಹುಟ್ಟಿತು. ಅವರಲ್ಲಿ 15 ಮಂದಿ ಚುನಾಯಿತರು. ಅಧಿಕಾರ ಕಡಿಮೆ, ಮತದಾರರೂ ಕಡಿಮೆ. ಆದರೆ ಕೂತು ಮಾತಾಡಲು ಒಂದು ಜಾಗವಾಯಿತು. ಅಪ್ಪಯ್ಯಗೌಡನ ಕಾಲದಲ್ಲಿ ಇಲ್ಲದ ಗೂಟ ಇದೇ.

ಸ್ವಾತಂತ್ರ್ಯದ ನಂತರ, 1950ರಲ್ಲಿ, ಕೊಡಗು 'ಸಿ' ವರ್ಗದ ರಾಜ್ಯವಾಯಿತು. 1951ರ ಜನಗಣತಿಯಲ್ಲಿ ಅದರ ಜನಸಂಖ್ಯೆ 2 ಲಕ್ಷ 29 ಸಾವಿರ. ಇಷ್ಟು ಚಿಕ್ಕ ನಾಡು ಒಂದು ರಾಜ್ಯವಾಗಿ ಉಳಿಯಬೇಕೆ, ಮೈಸೂರಿನೊಡನೆ ಸೇರಬೇಕೆ ಎಂಬ ಪ್ರಶ್ನೆ ಆಗ ಮನೆಮನೆಯ ಐನ್‌ಮನೆಯ ಜಗಲಿಯಲ್ಲೂ ಸಂತೆಯಲ್ಲೂ ಚರ್ಚೆಯಾಗುತ್ತಿತ್ತು. 1952ರ ಚುನಾವಣೆಯಲ್ಲಿ ವಿಧಾನಸಭೆಯ 24 ಸ್ಥಾನಗಳಿಗೆ ಎರಡು ಬಣಗಳು ಎದುರುಬದುರಾದವು. ಒಂದು ಕಡೆ ಸಿ. ಎಂ. ಪೂಣಚ್ಚನವರ ಕಾಂಗ್ರೆಸ್ಸು, ಅದರ ಒಲವು ವಿಲೀನದತ್ತ. ಇನ್ನೊಂದು ಕಡೆ ಕೊಡಗು ಕೊಡಗಾಗಿಯೇ ಇರಲೆಂದ ಗಾಂಧೀವಾದಿ ಪಂದ್ಯಂಡ ಬೆಳ್ಯಪ್ಪನವರ ಗುಂಪು. ಅದನ್ನು ಜನ 'ತಕ್ಕಡಿ ಪಕ್ಷ'ವೆಂದು ಕರೆದರು. ಕಾಂಗ್ರೆಸ್ಸಿಗೆ 15 ಸ್ಥಾನ ಬಂತು, ಉಳಿದ 9 ಎದುರಿನವರಿಗೆ. ತಕ್ಕಡಿ ಎಂಬ ಹೆಸರು ಎಷ್ಟು ಅರ್ಥವತ್ತಾಗಿದೆ! ಎರಡು ತಟ್ಟೆಗಳು ಎಷ್ಟೇ ತೊನೆದರೂ ಒಂದೇ ದಂಡಕ್ಕೆ ತೂಗುಬಿದ್ದವು ತಾನೆ? ಪೂಣಚ್ಚನವರೂ ಬೆಳ್ಯಪ್ಪನವರೂ ಸ್ವಾತಂತ್ರ್ಯ ಚಳವಳಿಯಲ್ಲಿ ಒಂದೇ ಕಡೆಯಿಂದ ಹಗ್ಗ ಎಳೆದವರು. ಈಗ ಎದುರು ತುದಿಗಳಲ್ಲಿ ನಿಂತರು.

ಎರಡು ವಾದಗಳಲ್ಲೂ ತೂಕವಿತ್ತು. ಭಾಷೆ ಒಂದು, ವ್ಯಾಪಾರ ಒಂದು, ದೊಡ್ಡ ರಾಜ್ಯದ ಬಲ ಬೇಕು ಎಂಬುದು ಒಂದು ತಟ್ಟೆ. ನಮ್ಮ ಆಡಳಿತ ನಮ್ಮ ಕೂಗಳತೆಯಲ್ಲಿದೆ, ನಮ್ಮ ಮಾತೂ ಜಮ್ಮಾ ಭೂಮಿಯೂ ನಡೆನುಡಿಯೂ ದೊಡ್ಡ ಕಡಲಿನಲ್ಲಿ ಕರಗಿಹೋಗದಿರಲಿ ಎಂಬುದು ಇನ್ನೊಂದು. 1953ರ ಡಿಸೆಂಬರ್‌ನಲ್ಲಿ ನೇಮಕವಾದ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಕೊಡಗಿನಲ್ಲಿ ಮಿಕ್ಕೆಲ್ಲ ಭಾಷೆಗಳವರಿಗಿಂತ ಕನ್ನಡ ಆಡುವವರೇ ಹೆಚ್ಚು ಎಂಬುದನ್ನು ಅದು ಗಣನೆಗೆ ತಂದುಕೊಂಡು, ಕೊಡಗು ಕನ್ನಡ ರಾಜ್ಯಕ್ಕೆ ಸೇರಲಿ ಎಂದಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಕೊಡಗು ರಾಜ್ಯದ ಮೊದಲ ಮುಖ್ಯಮಂತ್ರಿ ಪೂಣಚ್ಚನವರೇ ಕೊನೆಯ ಮುಖ್ಯಮಂತ್ರಿಯೂ ಆದರು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಪ್ರಕಟವಾದದ್ದೂ ಅದೇ ವರ್ಷ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಮನೆಯಲ್ಲಿ ಕೋವಿಯಿಟ್ಟುಕೊಳ್ಳುವ ಹಕ್ಕಿದ್ದ ನಾಡು ಇದು. ಪ್ರಶ್ನೆಯಾದರೋ ನಾಡಿನ ಇರವು ಅಳಿವಿನದು. ಆದರೂ ಅದು ಕೋವಿಯಿಂದ ತೀರ್ಮಾನವಾಗಲಿಲ್ಲ. ಮತಪೆಟ್ಟಿಗೆ, ಸಭೆ, ಆಯೋಗ, ಸಂಸತ್ತು ಎಂಬ ನಿಧಾನದ ಮೆಟ್ಟಿಲುಗಳನ್ನು ಇಳಿದು ತೀರ್ಮಾನವಾಯಿತು. 1837ರಲ್ಲಿ ಇದ್ದದ್ದಕ್ಕಿಂತ 1956ರಲ್ಲಿ ಎಳೆತ ಕಡಿಮೆಯಿತ್ತೆಂದು ನಾನು ಹೇಳಲಾರೆ. ಆದರೆ ಎರಡು ತುದಿಗಳಿಗೂ ಗೂಟವಿತ್ತು, ನಡುವೆ ನಾಲ್ಕು ವರ್ಷದ ಜೋಲಿತ್ತು. ಮಾತಿಗೆ ಕೊಟ್ಟ ಅವಧಿಯೇ ಆ ಜೋಲು.

ಗೆದ್ದವರ ಹೊಣೆ ಅಲ್ಲಿಗೆ ಮುಗಿಯಲಿಲ್ಲ. ಹಗ್ಗಜಗ್ಗಾಟದ ಆಟದಲ್ಲಿ ಗೆದ್ದ ಬಣ ಹಗ್ಗ ಬಿಸಾಡಿ ಮನೆಗೆ ಹೋಗಬಹುದು; ಸಂಸಾರದಲ್ಲಿ, ರಾಜ್ಯದಲ್ಲಿ ಹಾಗೆ ಮಾಡಲಾಗದು. ವಿಲೀನದೊಡನೆ ಕೊಡಗು ತನ್ನ ಸಭೆಯನ್ನು ಕಳೆದುಕೊಂಡಿತು. 24 ಮಂದಿ ಕೂತು ಮಾತಾಡುತ್ತಿದ್ದ ನಾಡಿಗೆ 2008ರಿಂದ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಎರಡೇ ಸ್ಥಾನ, ಮಡಿಕೇರಿ ಮತ್ತು ವಿರಾಜಪೇಟೆ. 1952ರಲ್ಲಿ ತನ್ನದೇ ಆದ ಒಂದು ಲೋಕಸಭಾ ಸ್ಥಾನವಿತ್ತು. ಈಗ ಅದು ಮೈಸೂರಿನೊಡನೆ ಹಂಚಿಕೆ. ಜನಸಂಖ್ಯೆಯ ಲೆಕ್ಕದಲ್ಲಿ ಇದು ನ್ಯಾಯವೇ ಇರಬಹುದು. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಹಗ್ಗದ ಎಳೆತ ಕಡಿಮೆಯಾಗದು ಎಂಬುದನ್ನು ಕಂಪನಿಯ ಕಂದಾಯವೇ ನಮಗೆ ಕಲಿಸಿದೆ. 1990ರ ದಶಕದಲ್ಲಿ ಪ್ರತ್ಯೇಕ ಕೊಡಗಿನ ಕೂಗು ಮತ್ತೆ ಎದ್ದಾಗ, ಅದನ್ನು ಕೆಲವರ ಹಠವೆಂದು ನಕ್ಕು ಬಿಟ್ಟವರು ಬೆಂಗಳೂರಿನಲ್ಲಿ ಅನೇಕರಿದ್ದರು. ನಗಬಾರದಿತ್ತು. ಅದು ತಕ್ಕಡಿಯ ಇನ್ನೊಂದು ತಟ್ಟೆಯ ದನಿ. ಆ ತಟ್ಟೆ ಸೋತಿತ್ತು, ಕಳಚಿಬಿದ್ದಿರಲಿಲ್ಲ.

ಮಾತು ನಿಂತಲ್ಲಿ ಅದುರು ಶುರುವಾಗುತ್ತದೆ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ವಿಷಯವಾಗಿ ಮಡಿಕೇರಿಯ ಬೀದಿಯಲ್ಲಿ ಘರ್ಷಣೆಯಾಗಿ ಜೀವಹಾನಿಯಾಯಿತು. ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಸುಲ್ತಾನನ ನೆನಪು ಕೊಡಗಿನ ಮನೆಗಳಲ್ಲಿ ಹೇಗೆ ಉಳಿದಿದೆ, ಬೇರೆ ಮನೆಗಳಲ್ಲಿ ಹೇಗೆ ಉಳಿದಿದೆ ಎಂಬುದನ್ನು ಎರಡು ಕಡೆಯವರೂ ಕೂತು ಆಡಿಕೊಳ್ಳುವ ಜಗಲಿ ಇದ್ದಿದ್ದರೆ ಆ ದಿನ ಬೇರೆಯಾಗುತ್ತಿತ್ತೋ ಏನೋ. ಇದನ್ನೇ ನಾನು ಬಿಗಿಗೂ ಉದ್ವೇಗಕ್ಕೂ ಇರುವ ಅಂತರವೆನ್ನುವುದು.

1837ರಲ್ಲಿ ದಂಗೆ ಹೊರಟ ಸುಳ್ಯದ ಪಕ್ಕದಲ್ಲೇ, ಅರಂಬೂರಿನಲ್ಲಿ, 1989ರಲ್ಲಿ ಗಿರೀಶ್ ಭಾರದ್ವಾಜರು ಪಯಸ್ವಿನಿ ಹೊಳೆಗೆ ಒಂದು ಕಾಲುಸೇತುವೆ ತೂಗಿಸಿದರು. ಅದು ಅವರ ಮೊದಲ ತೂಗುಸೇತುವೆ. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಅವರು ಕಟ್ಟಿದರು. ಅವುಗಳ ಮೇಲೆ ಶಾಲೆಯ ಮಕ್ಕಳು ನಡೆದರು, ಬಾಣಂತಿಯರು ನಡೆದರು, ಅಡಿಕೆಯ ಹೊರೆಗಳು ದಾಟಿದವು. ಅವರನ್ನೆಲ್ಲ ಹೊತ್ತದ್ದು ಎಳೆತವೇ. ಎರಡು ದಡಗಳು ಒಂದನ್ನೊಂದು ಬಿಡದೆ ಹಿಡಿದ ಎಳೆತ. ದಡ ಎರಡಿರುವ ತನಕ ಎಳೆತ ಇದ್ದೇ ಇರುತ್ತದೆ. ಅದನ್ನು ಇಲ್ಲವಾಗಿಸುತ್ತೇನೆ ಎನ್ನುವ ಆಳುವವನನ್ನು ನಂಬಬೇಡಿ. ಅವನು ಒಂದು ತುದಿಯನ್ನು ಕತ್ತರಿಸಲು ಹೊರಟವನು. ಗೂಟಗಳೆರಡೂ ಗಟ್ಟಿಯಾಗಿವೆಯೆ, ನಡುವೆ ಜೋಲು ಸಾಕಷ್ಟಿದೆಯೆ ಎಂದು ಕೇಳುವವನಿಗೆ ಕಿವಿಗೊಡಿ.