ಎದೆಯೊಳಗಿನ ಮಶೀನಿಗೂ ಒಂದು ಇತಿಹಾಸವಿದೆ

ಖಾನಾಪುರದ ಕಾಡಂಚಿನ ಹೊಲಗಳಿಗೆ ಕರೆಂಟಿನ ತಂತಿ ಬೇಲಿ. ಬೆಳಗಾವಿಯ ಉದ್ಯಮಬಾಗದಲ್ಲಿ ವೆಲ್ಡಿಂಗ್ ಕೆಲಸ. ಎರಡೂ ಕಡೆ ಅಂಗಿಯ ಎಡಗಿಸೆಯಲ್ಲಿ ಮೊಬೈಲ್. ಎದೆಯಲ್ಲಿ ಐಸಿಡಿ ಹಾಕಿಸಿಕೊಂಡವರಿಗೆ ಈ ಮೂರರ ಬಗ್ಗೆಯೂ ಎಚ್ಚರ ಬೇಕು. ಯಾಕೆಂದು ತಿಳಿಯಲು ಅದು ಹುಟ್ಟಿದ ಕಥೆ ನೋಡೋಣ.

1966ರಲ್ಲಿ ಇಸ್ರೇಲಿನ ವೈದ್ಯ ಹ್ಯಾರಿ ಹೆಲ್ಲರ್ ಹೃದಯದ ಬಡಿತ ಹಳಿ ತಪ್ಪಿ ತೀರಿಕೊಂಡರು. ಶಾಕ್ ಕೊಡುವ ಯಂತ್ರ ಆಗಲೇ ಇತ್ತು, ಆದರೆ ಅದು ಇದ್ದದ್ದು ಆಸ್ಪತ್ರೆಯಲ್ಲಿ. ಅದನ್ನು ರೋಗಿಯ ಮೈಯೊಳಗೇ ಇಟ್ಟರೆ ಹೇಗೆ ಎಂದು ಅವರ ಸಹೋದ್ಯೋಗಿ ಮಿಶೆಲ್ ಮಿರೋವ್ಸ್ಕಿ ಯೋಚಿಸಿದರು. 1980ರ ಫೆಬ್ರವರಿ 4ರಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಐಸಿಡಿ ಕೂತಿತು. ಆಗ ಎದೆ ತೆರೆದು, ಮಶೀನನ್ನು ಹೊಟ್ಟೆಯ ಚರ್ಮದಡಿ ಇಡುತ್ತಿದ್ದರು. ಈಗ ಸಾಮಾನ್ಯವಾಗಿ ಕಾಲರ್ ಎಲುಬಿನ ಕೆಳಗೆ ಇಟ್ಟು, ರಕ್ತನಾಳದ ಮೂಲಕ ವೈರ್ ಇಳಿಸುತ್ತಾರೆ.

ನಮ್ಮ ಕಡೆಯೂ ಕಾಲ ಬದಲಾಗಿದೆ. 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕಟ್ಟಿದ ಕೆಎಲ್‌ಇ ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ಆದರೂ ಮಳೆಗಾಲದಲ್ಲಿ ಕಣಕುಂಬಿ ಕಡೆಯಿಂದ ಬೆಳಗಾವಿ ದೂರವೇ. ಅದಕ್ಕೇ ನಮ್ಮ ದಿನದ ರೂಢಿಗಳು ಮುಖ್ಯ.

ಐಸಿಡಿ ಹೃದಯದ ವಿದ್ಯುತ್ ಸದ್ದನ್ನು ಸದಾ ಆಲಿಸುತ್ತದೆ. ಹೊರಗಿನ ಕರೆಂಟನ್ನು ಅದು ಕೆಟ್ಟ ಬಡಿತವೆಂದು ತಿಳಿದರೆ ಬೇಡದ ಶಾಕ್ ಕೊಡಬಹುದು. ಬಲವಾದ ಆಯಸ್ಕಾಂತ ಹತ್ತಿರ ಬಂದರೆ ಬೇಕಾದ ಶಾಕನ್ನೇ ತಡೆಹಿಡಿಯಬಹುದು. ಆದ್ದರಿಂದ ಮೊಬೈಲನ್ನು ಮಶೀನಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಿ, ಇನ್ನೊಂದು ಬದಿಯ ಕಿವಿಗೆ ಹಿಡಿದು ಮಾತಾಡಿ. ಕರೆಂಟ್ ಬೇಲಿ ಮುಟ್ಟಬೇಡಿ. ವೆಲ್ಡಿಂಗ್ ಮಾಡುವವರು ಕೆಲಸಕ್ಕೆ ಮರಳುವ ಮೊದಲು ಡಾಕ್ಟರನ್ನು ಕೇಳಿ. ಹಾಕಿಸಿದ ಮೊದಲ ಕೆಲವು ವಾರ ಆ ಬದಿಯ ಕೈಯಿಂದ ಭಾರ ಎತ್ತಬೇಡಿ, ಕೈಯನ್ನು ಭುಜಕ್ಕಿಂತ ಮೇಲೆತ್ತಬೇಡಿ. ಹಾಗೆ ಮಾಡಿದರೆ ವೈರ್ ಜರುಗಬಹುದು.

ಇನ್ನೊಂದು ಮಾತು. ಐಸಿಡಿ ಕಾವಲುಗಾರನೇ ಹೊರತು ಔಷಧವಲ್ಲ. ಮಶೀನಿದೆ ಎಂದು ಸೆರೆ, ಬೀಡಿ ಮುಂದುವರಿಸಿದರೆ, ಗುಳಿಗೆ ಬಿಟ್ಟರೆ, ಬಡಿತ ಮತ್ತೆ ಮತ್ತೆ ಹಳಿ ತಪ್ಪಬಹುದು, ಶಾಕೂ ಹೆಚ್ಚಬಹುದು. ವಾಂತಿ-ಭೇದಿಯಾಗಿ ಮೈಯಲ್ಲಿನ ಲವಣ ಇಳಿದರೂ ಹೀಗಾಗಬಹುದು, ತಡಮಾಡದೆ ತೋರಿಸಿ.

ಒಂದು ಶಾಕ್ ಬಂದು ಆರಾಮಾಗಿದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಒಂದರ ಹಿಂದೆ ಒಂದು ಬಂದರೆ, ಅಥವಾ ತಲೆ ಸುತ್ತಿದರೆ, ಎದೆ ನೋವಾದರೆ ಕೂಡಲೇ 108ಕ್ಕೆ ಕರೆ ಮಾಡಿ. ಆ ಹೊತ್ತಿಗೆ ಮುಟ್ಟಿದವರಿಗೆ ಅಪಾಯವಿಲ್ಲ, ಹೆಚ್ಚೆಂದರೆ ಸಣ್ಣಗೆ ಜುಮ್ಮೆನ್ನಬಹುದು. ಮನೆಯವರು ಹೆದರಿ ದೂರ ಸರಿಯದೆ ಕೈ ಹಿಡಿದು ಕೂರಲಿ.