ತಿದ್ದುವ ಹಲಗೆ, ಹೇಳುವ ಪೆಟ್ಟಿಗೆ

ಉಪಾಧ್ಯಾಯ ವೃತ್ತಿಗೆ ತರಬೇತಿ ಪಡೆಯುತ್ತಿರುವ ನಮ್ಮಂಥವರು ದಿನವೂ ಬರೆಯಬೇಕಾದ ಪಾಠಯೋಜನೆಯಲ್ಲಿ ‘ಪಾಠೋಪಕರಣಗಳು’ ಎಂಬ ಒಂದು ಅಂಕಣವುಂಟು. ಅದನ್ನು ಖಾಲಿ ಬಿಡುವಂತಿಲ್ಲ. ಸೀಮೆಸುಣ್ಣ, ಕರಿಹಲಗೆ ಎಂದಷ್ಟೇ ಬರೆದರೆ ಪಾಠ ನೋಡಲು ಬಂದವರಿಗೆ ಸಮಾಧಾನವಾಗದು. ಪ್ರೊಜೆಕ್ಟರು, ಕಂಪ್ಯೂಟರು, ಸ್ಮಾರ್ಟ್ ಬೋರ್ಡು ಎಂದು ಬರೆದರೆ ಮುಖ ಅರಳುತ್ತದೆ. ಈ ಅಂಕಣವನ್ನು ತುಂಬುತ್ತ ಹೋದಂತೆ ನನಗೊಂದು ಕುತೂಹಲ ಹುಟ್ಟಿತು. ಇಷ್ಟೊಂದು ಉಪಕರಣಗಳು ಶಾಲೆಯ ಬಾಗಿಲು ಹೊಕ್ಕವಲ್ಲ, ಅವುಗಳಲ್ಲಿ ಕೆಲವು ಉಳಿದು ಕೆಲವು ಅಟ್ಟ ಸೇರಿದ್ದು ಏಕೆ?

ಹೊಸದು ಎಂದು ನಾವು ಎಣಿಸುವ ಎಷ್ಟೋ ವಸ್ತುಗಳಿಗೆ ನಮ್ಮ ನಾಡಿನಲ್ಲೇ ಹಳೆಯ ಬೇರು ಇದೆ. ಕರಿಹಲಗೆಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಶಾಲೆಗಳಿಂದ ಸ್ಲೇಟು ಬರುವ ಮೊದಲೇ ಕನ್ನಡ ನಾಡಿನ ಶಾನುಭೋಗರೂ ವರ್ತಕರೂ ‘ಕಡತ’ದ ಮೇಲೆ ಬರೆಯುತ್ತಿದ್ದರು. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದೇ ಪುಸ್ತಕ. ಬರೆಯುವುದು ಬಳಪದ ಕಲ್ಲಿನಿಂದ. ಬೇಡವಾದದ್ದನ್ನು ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ಅಚ್ಚರಿಯಿಂದ ವರ್ಣಿಸಿದ್ದಾನೆ. ಆತ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು; ಕಣ್ಣಾರೆ ಕಂಡು ಬರೆದದ್ದು. ಸರ್ಕಾರಿ ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತ ಎನ್ನುತ್ತೇವೆ. ವಸ್ತು ಹೋಯಿತು, ಹೆಸರು ಗುಮಾಸ್ತರ ಮೇಜಿನ ಮೇಲೆ ಉಳಿಯಿತು.

ಮಕ್ಕಳಿಗೆ ಕಡತವಿರಲಿಲ್ಲ, ಮರಳಿತ್ತು. ಕೂಲಿಮಠದ ಜಗುಲಿಯ ಮೇಲೆ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ಪದ್ಧತಿ ಅನೇಕ ಮನೆಗಳಲ್ಲಿ ಈಗಲೂ ಇದೆಯಷ್ಟೆ. ಈ ಮರಳು ಒಮ್ಮೆ ಸಮುದ್ರ ದಾಟಿದ ಕಥೆ ಸ್ವಾರಸ್ಯವಾದದ್ದು.

1789ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿದ್ದ ಒಂದು ಅನಾಥ ಶಾಲೆಯ ಮೇಲ್ವಿಚಾರಕನಾದ. ಐರೋಪ್ಯ ಸಿಪಾಯಿಗಳ ಗಂಡುಮಕ್ಕಳ ಶಾಲೆ ಅದು. ಕಲಿಸುವವರು ಕಡಮೆ, ಇದ್ದವರಿಗೂ ಉತ್ಸಾಹವಿಲ್ಲ. ಒಂದು ಬೆಳಗ್ಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ ಮಲಬಾರ್ ಶಾಲೆ ಎಂದು ಅವನು ಕರೆದ ಒಂದು ದೇಶೀಯ ಶಾಲೆ ಕಣ್ಣಿಗೆ ಬಿತ್ತು. ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಾಡಿಸಿ ಬರೆಯುತ್ತಿದ್ದರು. ಕಾಗದವಿಲ್ಲ, ಮಸಿಯಿಲ್ಲ, ಖರ್ಚಿಲ್ಲ. ಬೆಲ್ ಹಿಂದಿರುಗಿ ತನ್ನ ಶಾಲೆಯಲ್ಲೂ ಹಾಗೆಯೇ ಕಲಿಸಿ ಎಂದು ಹೇಳಿದ. ಕೆಳ ತರಗತಿಯ ಉಪಾಧ್ಯಾಯ ಅದು ಆಗದ ಕೆಲಸ ಎಂದುಬಿಟ್ಟ. ಆಗ ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನು ಕರೆದು ಆ ಕೆಲಸ ಒಪ್ಪಿಸಿದ. ಹುಡುಗ ಚಿಕ್ಕವರಿಗೆ ಅಕ್ಷರ ಕಲಿಸಿಯೇಬಿಟ್ಟ. ಕಲಿತ ಮಗು ಕಲಿಯುವ ಮಗುವಿಗೆ ಹೇಳಿಕೊಡುವ ಈ ಕ್ರಮ ಇಡೀ ಶಾಲೆಗೆ ಹಬ್ಬಿತು. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಅದರ ಬಗೆಗೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ‘ಮದರಾಸು ಪದ್ಧತಿ’ ಎಂದು ಅದು ಪ್ರಸಿದ್ಧವಾಯಿತು. 1832ರಲ್ಲಿ ಬೆಲ್ ತೀರಿಕೊಂಡಾಗ ಅವನನ್ನು ಹೂಳಿದ್ದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಅವನ ಹಣದಿಂದ ಸೇಂಟ್ ಆಂಡ್ರೂಸ್ ಊರಿನಲ್ಲಿ ಕಟ್ಟಿದ ಶಾಲೆಗೆ ‘ಮದರಾಸ್ ಕಾಲೇಜು’ ಎಂಬ ಹೆಸರು ಇಂದಿಗೂ ಇದೆ. ಜಗುಲಿಯ ಮೇಲೆ ಕುಳಿತಿದ್ದ ನಮ್ಮ ಕಡೆಯ ಆ ಅಯ್ಯನವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಅತ್ತ ಲಂಡನ್ನಿನ ಬರೋ ರಸ್ತೆಯಲ್ಲಿ 1798ರಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಬಡಮಕ್ಕಳಿಗೆಂದು ಶಾಲೆ ತೆರೆದಿದ್ದ. ಅವನದೂ ಇದೇ ಮಾರ್ಗ, ಆದರೆ ಇನ್ನಷ್ಟು ಕಟ್ಟುನಿಟ್ಟು. ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು, ಬೇಕಾದರೆ ಸಾವಿರ ಮಕ್ಕಳನ್ನೂ ಸಂಭಾಳಿಸಬಹುದೆಂಬುದು ಅವನ ಹೆಮ್ಮೆ. ಪುಸ್ತಕ ದುಬಾರಿಯೆಂದು ಪಾಠದ ಹಾಳೆಗಳನ್ನು ಗೋಡೆಗೆ ತೂಗುಹಾಕಿದ. ಕಾಗದ ದುಬಾರಿಯೆಂದು ಸ್ಲೇಟು ಕೊಟ್ಟ. ಆಜ್ಞೆಯಾದೊಡನೆ ಮಕ್ಕಳೆಲ್ಲ ಏಕಕಾಲಕ್ಕೆ ಸ್ಲೇಟು ಎತ್ತಿ ತೋರಿಸಬೇಕು. ಪದ್ಧತಿ ದೇಶದೇಶಗಳಿಗೆ ಹಬ್ಬಿದ್ದಕ್ಕೆ ಅದರ ವಿದ್ಯೆಗಿಂತ ಅದರ ಅಗ್ಗವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಸರ್ಕಾರಗಳೂ ಧರ್ಮಸಂಸ್ಥೆಗಳೂ ಮೆಚ್ಚಿದ್ದು ಉಳಿತಾಯವಾದ ಉಪಾಧ್ಯಾಯರ ಸಂಬಳವನ್ನು. ಆ ಶತಮಾನದ ನಡುವಿನ ವೇಳೆಗೆ ಈ ಬೃಹತ್ ಶಾಲೆಗಳ ಕೀರ್ತಿ ಇಳಿಯಿತು. ಸ್ಲೇಟು ಮಾತ್ರ ಉಳಿಯಿತು.

ಏಕೆ ಉಳಿಯಿತು? ನಮ್ಮ ಭಾಷೆಯ ಒಂದು ಕ್ರಿಯಾಪದದಲ್ಲೇ ಇದಕ್ಕೆ ಉತ್ತರವಿದೆಯೆಂದು ತೋರುತ್ತದೆ. ಮಗು ಅಕ್ಷರ ‘ತಿದ್ದುತ್ತದೆ’ ಎನ್ನುತ್ತೇವೆ. ಮೇಷ್ಟ್ರು ತಪ್ಪು ‘ತಿದ್ದುತ್ತಾರೆ’ ಎಂದೂ ಎನ್ನುತ್ತೇವೆ. ಕಲಿಯುವವನ ಕೆಲಸಕ್ಕೂ ಕಲಿಸುವವನ ಕೆಲಸಕ್ಕೂ ಒಂದೇ ಮಾತು. ಮರಳು, ಕಡತ, ಸ್ಲೇಟು—ಮೂರೂ ಇಬ್ಬರ ಕೈಗೂ ಸಿಗುವ ವಸ್ತುಗಳು. ಮಗು ಬರೆದದ್ದು ಆ ಕ್ಷಣವೇ ಮೇಷ್ಟ್ರ ಕಣ್ಣಿಗೆ ಬೀಳುತ್ತದೆ, ಒರಸಿ ಮತ್ತೆ ಬರೆಯಲು ಅವಕಾಶವಿದೆ, ತಪ್ಪಿಗೆ ಗುರುತೂ ಉಳಿಯುವುದಿಲ್ಲ. ಮುಂದೆ ಬಂದ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಇಲ್ಲದೆ ಹೋದದ್ದು ಈ ಗುಣವೇ.

ಅವು ಹೇಳುವ ಪೆಟ್ಟಿಗೆಗಳು. 1913ರಲ್ಲಿ ಎಡಿಸನ್ ಮಹಾಶಯ, ಇನ್ನು ಶಾಲೆಗಳಲ್ಲಿ ಪುಸ್ತಕಕ್ಕೆ ಕೆಲಸವಿರದು, ಚಲನಚಿತ್ರವೇ ಎಲ್ಲವನ್ನೂ ಕಲಿಸುತ್ತದೆ, ಹತ್ತು ವರ್ಷದಲ್ಲಿ ಶಾಲೆಗಳು ಪೂರ್ತಿ ಬದಲಾಗುತ್ತವೆ ಎಂದು ಭವಿಷ್ಯ ನುಡಿದಿದ್ದ. ಹತ್ತು ವರ್ಷ ಕಳೆಯಿತು. ಪುಸ್ತಕ ಎಲ್ಲಿಯೂ ಹೋಗಲಿಲ್ಲ. ಅಷ್ಟರಲ್ಲಿ ರೇಡಿಯೋ ಬಂತು. 1924ರ ಏಪ್ರಿಲ್ 4ರಂದು ಬಿ.ಬಿ.ಸಿ. ಶಾಲೆಗಳಿಗಾಗಿ ಮೊದಲ ಪಾಠ ಪ್ರಸಾರ ಮಾಡಿತು. ವಾಲ್‌ಫರ್ಡ್ ಡೇವೀಸ್ ಅವರು ಹೇಳಿದ ಸಂಗೀತ ಪಾಠ ಅದು. ಸಂಗೀತದಿಂದ ಆರಂಭಿಸಿದ್ದು ಜಾಣತನವೇ ಸರಿ, ಕಿವಿಯಿಂದ ಕಲಿಯಬೇಕಾದ ವಿದ್ಯೆಯನ್ನು ಕಿವಿಗೆ ಒಪ್ಪಿಸಿದಂತಾಯಿತು.

ನಮ್ಮ ಮೈಸೂರಿನ ‘ಆಕಾಶವಾಣಿ’ ಹುಟ್ಟಿದ್ದಂತೂ ಒಬ್ಬ ಮೇಷ್ಟ್ರ ಮನೆಯಲ್ಲೇ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ॥ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೂವತ್ತು ವ್ಯಾಟಿನ ಪುಟ್ಟ ಪ್ರೇಷಕ ಯಂತ್ರದಿಂದ ಅದನ್ನು ಆರಂಭಿಸಿದರು. 1942ರಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು; 1955ರ ನವೆಂಬರಿನಲ್ಲಿ ನಿಲಯ ಬೆಂಗಳೂರಿಗೆ ಬಂತು. ಈ ಸಂಸ್ಥೆಯ ಮೂಲದಲ್ಲೇ ಪಾಠ ಹೇಳುವ ಹಂಬಲವಿತ್ತು ಎಂದರೆ ಅತಿಶಯೋಕ್ತಿಯಾಗದು.

ಶಾಲಾ ಪ್ರಸಾರಕ್ಕೆ ಎದುರಾದ ತೊಡಕು ಯಂತ್ರದ್ದಲ್ಲ, ಗಂಟೆಯದು. ನಿಲಯದ ಪಾಠ ಹನ್ನೊಂದಕ್ಕೆ ಬಂದರೆ ಶಾಲೆಯಲ್ಲಿ ಆಗ ಲೆಕ್ಕದ ಪೀರಿಯಡ್ಡು ಇರುತ್ತದೆ. ಮೇಷ್ಟ್ರು ಹೇಳಿದ್ದು ತಿಳಿಯದಿದ್ದರೆ ‘ಇನ್ನೊಂದು ಸಲ ಹೇಳಿ ಸಾರ್’ ಎನ್ನಬಹುದು. ಪೆಟ್ಟಿಗೆಗೆ ಹಾಗೆ ಹೇಳುವಂತಿಲ್ಲ. ಈ ಕೊರತೆಯನ್ನು ಬಲ್ಲವರು ಉಪಾಯ ಹುಡುಕದೆ ಇರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಆಕಾಶವಾಣಿಯಿಂದ ನಮ್ಮ ಪ್ರಾಥಮಿಕ ಶಾಲೆಗಳಿಗೆ ಬಂದ ‘ಚಿನ್ನರ ಚುಕ್ಕಿ’ಯಂಥ ಕಾರ್ಯಕ್ರಮಗಳಲ್ಲಿ ರೇಡಿಯೋ ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿತ್ತು. ಆ ಮೌನದಲ್ಲಿ ಮಕ್ಕಳು ಉತ್ತರ ಹೇಳಬೇಕು, ಏಳಬೇಕು, ಎಣಿಸಬೇಕು. ಕೋಣೆಯಲ್ಲಿರುವ ಮೇಷ್ಟ್ರು ಅದನ್ನು ನೋಡಿ ನಡಸಬೇಕು. ಪ್ರಸಾರಕ್ಕೆ ಮೌನವೆಂದರೆ ದೋಷ. ಪಾಠಕ್ಕೆ ಅದೇ ಜೀವ.

ಕನ್ನಡ ನಾಡು ಕಂಡ ಅತ್ಯಂತ ದೊಡ್ಡ ಪ್ರಯೋಗ ಇನ್ನೊಂದು. ವಿಕ್ರಮ್ ಸಾರಾಭಾಯಿಯವರು ಕನಸು ಕಂಡು, 1971ರಲ್ಲಿ ತೀರಿಕೊಂಡು, ನೋಡದೆ ಹೋದ ಪ್ರಯೋಗ ಅದು. ಅಮೆರಿಕದ ನಾಸಾ ಸಂಸ್ಥೆಯಿಂದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸಿದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅದು ನಡೆಯಿತು. ನಮ್ಮಲ್ಲಿ ರಾಯಚೂರು ಮತ್ತು ಆಗಿನ ಹೆಸರಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಇದಕ್ಕೆ ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರು ಅಡ್ಡಳತೆಯ ಛತ್ರಿಯಂಥ ಆಂಟೆನಾ ಊರಿನ ಸಾರ್ವಜನಿಕ ಕಟ್ಟಡದ ಬಳಿ ಎದ್ದು ನಿಂತಿತು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಕನ್ನಡ, ತೆಲುಗು, ಒಡಿಯ ಎಂದು ನಾಲ್ಕು ಪಾಲು ಮಾಡಿದ್ದರಿಂದ ಕನ್ನಡದ ಮಗುವಿನ ಪಾಲಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಬಂತು. ವರ್ಷ ತುಂಬಿದೊಡನೆ ಉಪಗ್ರಹ ಹಿಂದಿರುಗಿತು.

ಫಲವೇನು? ಪರೀಕ್ಷಿಸಿ ನೋಡಿದವರಿಗೆ ಕಂಡದ್ದು ಇದು: ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಭಾಷೆ ಮಾತ್ರ ಬೆಳೆದಿತ್ತು, ಹೆಚ್ಚು ತಿಳಿಯಬೇಕೆಂಬ ಆಸೆ ಮೂಡಿತ್ತು. ಕೆಲವರು ಇದನ್ನು ಸೋಲೆಂದರು. ನನಗೆ ಹಾಗೆನ್ನಿಸುವುದಿಲ್ಲ. ಟೆಲಿವಿಷನ್ನನ್ನು ಎಂದೂ ಕಾಣದ ಊರಿನ ಮಗುವಿಗೆ ಕೇಳುವ ಚಪಲ ಹುಟ್ಟಿತೆಂದರೆ ಅದು ಸಣ್ಣ ಲಾಭವಲ್ಲ. ಆದರೆ ಹುಟ್ಟಿದ ಪ್ರಶ್ನೆಗೆ ಉತ್ತರ ಹೇಳಲು ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬರು ಬೇಕಿತ್ತು. ಇದನ್ನು ಬಲ್ಲವರು ಆ ವರ್ಷದಲ್ಲೇ ಇನ್ನೊಂದು ಕೆಲಸ ಮಾಡಿದ್ದರು, ಅದರ ಮಾತು ಹೆಚ್ಚು ಕೇಳಿಬರುವುದಿಲ್ಲ. 1975ರ ಅಕ್ಟೋಬರಿನಲ್ಲೊಮ್ಮೆ, 1976ರ ಬೇಸಿಗೆಯಲ್ಲೊಮ್ಮೆ, ಹನ್ನೆರಡು ಹನ್ನೆರಡು ದಿನ, ಒಟ್ಟು ಸುಮಾರು 48,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನ ಕಲಿಸುವ ಬಗೆಗೆ ತರಬೇತಿ ಕೊಟ್ಟರು. ಟೆಲಿವಿಷನ್ ಪಾಠದ ಜೊತೆಗೆ ರೇಡಿಯೋ, ಅಚ್ಚಿನ ಪಾಠ, ಕೈಯಾರೆ ಮಾಡುವ ಪ್ರಯೋಗ, ಸಂದೇಹ ಕೇಳಲು ಒಬ್ಬ ಮಾರ್ಗದರ್ಶಕ—ಇಷ್ಟೂ ಇದ್ದವು. ಮಕ್ಕಳಿಗೆ ಕೊಡಲಾಗದ್ದನ್ನು ಮೇಷ್ಟ್ರುಗಳಿಗೆ ಕೊಟ್ಟರು ಎನ್ನಬಹುದು.

ಮೂವತ್ತು ವರ್ಷ ತುಂಬುವ ಮೊದಲೇ ನಮ್ಮದೇ ಉಪಗ್ರಹ ಬಂತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ಎಜುಸ್ಯಾಟ್ ಕೇವಲ ವಿದ್ಯಾಭ್ಯಾಸಕ್ಕೆಂದೇ ಮೀಸಲಾದದ್ದು. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಅದರ ಜಾಲಕ್ಕೆ ಸೇರಿದವು. ಅವುಗಳಲ್ಲಿದ್ದದ್ದು ಪಾಠವನ್ನು ಪಡೆಯುವ ಯಂತ್ರ. ಮಗುವಿನ ಮಾತನ್ನು ಹಿಂದಕ್ಕೆ ಕಳಿಸುವ ಯಂತ್ರವಲ್ಲ. 2010ರಲ್ಲಿ ಉಪಗ್ರಹದ ಆಯುಸ್ಸು ಮುಗಿಯಿತು.

ಎಜುಸ್ಯಾಟಿಗೆ ಒಂಬತ್ತು ವರ್ಷ ಮೊದಲು, 1995ರಲ್ಲಿ, ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು ‘ನಲಿ-ಕಲಿ’ ಆರಂಭಿಸಿದ್ದರು. ವಿದ್ಯುತ್ತು ಬೇಡ, ತಂತಿಬಲೆ ಬೇಡ. ರಟ್ಟಿನ ಕಾರ್ಡುಗಳು, ಮೆಟ್ಟಿಲು ಮೆಟ್ಟಿಲಾದ ಕಲಿಕೆಯ ಏಣಿ, ಗೋಡೆಯ ಕೆಳಭಾಗಕ್ಕೆ ಮಕ್ಕಳ ಎತ್ತರಕ್ಕೇ ಬಳಿದ ಕರಿಹಲಗೆ. ದೊಡ್ಡ ಹಲಗೆ ಮೇಷ್ಟ್ರದಾದರೆ ಈ ಗಿಡ್ಡ ಹಲಗೆ ಪೂರ್ತಿ ಮಕ್ಕಳದು. ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಇದು 2009ರ ಹೊತ್ತಿಗೆ ಹಬ್ಬಿತು. ಪಾಠೋಪಕರಣಗಳ ಅಂಕಣದಲ್ಲಿ ಈ ಗಿಡ್ಡ ಹಲಗೆಯ ಹೆಸರು ಬರೆದವರನ್ನು ನಾನು ಕಂಡಿಲ್ಲ.

ಬೋಧನಾಭ್ಯಾಸಕ್ಕೆಂದು ಹೋದ ಒಂದು ಶಾಲೆಯಲ್ಲಿ ಇದರ ಬೆಲೆ ನನಗೆ ತಿಳಿಯಿತು. ಭಿನ್ನರಾಶಿಯ ಪಾಠ. ಪರದೆಯ ಮೇಲೆ ಬಣ್ಣದ ರೊಟ್ಟಿಗಳು ಬಂದು ತಾವಾಗಿಯೇ ನಾಲ್ಕು ಭಾಗವಾಗುತ್ತಿದ್ದವು. ಮಕ್ಕಳು ಖುಷಿಯಿಂದ ನೋಡಿ, ತಿಳಿಯಿತೆ ಎಂದಾಗ ಒಕ್ಕೊರಲಿನಿಂದ ‘ತಿಳೀತು ಸಾರ್’ ಎಂದರು. ಮುಕ್ಕಾಲು ರೊಟ್ಟಿ ಬರೆದು ತೋರಿಸಿ ಎಂದೆ. ಒಬ್ಬ ರೊಟ್ಟಿಯನ್ನು ಮೂರು ಭಾಗ ಮಾಡಿದ್ದ. ಒಬ್ಬಳು ನಾಲ್ಕು ಭಾಗ ಮಾಡಿದ್ದಳು, ಒಂದೊಂದು ಒಂದೊಂದು ಗಾತ್ರ. ಮತ್ತೊಬ್ಬ ನಾಲ್ಕು ರೊಟ್ಟಿ ಬರೆದು ಮೂರಕ್ಕೆ ಬಣ್ಣ ಹಚ್ಚಿ ಕೂತಿದ್ದ. ಅವನದು ತಪ್ಪೆಂದು ಹೇಳುವ ಮೊದಲು ಯಾರೂ ಸ್ವಲ್ಪ ಯೋಚಿಸಬೇಕು! ಆ ದಿನದ ನಿಜವಾದ ಪಾಠ ನಡೆದದ್ದು ಆ ಮೂರು ಚಿತ್ರಗಳ ಮೇಲೆ. ಪರದೆ ಇಲ್ಲದಿದ್ದರೆ ಅಷ್ಟು ಉತ್ಸಾಹ ಬರುತ್ತಿರಲಿಲ್ಲ, ಅದೂ ನಿಜ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಈ ಎಲ್ಲ ಉಪಕರಣಗಳೂ ಒಟ್ಟಿಗೆ ಕೆಲಸಕ್ಕೆ ಬಂದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಮೊಬೈಲ್ ಫೋನಿನಲ್ಲಿ ಹೊಸದೊಂದು ನಡೆಯಿತು: ಮಗು ನೋಟ್‌ಬುಕ್ಕಿನಲ್ಲಿ ಬರೆದ ಪುಟದ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸುವುದು, ಅವರು ಗುರುತು ಹಾಕಿ ಹಿಂದಿರುಗಿಸುವುದು. ಹೇಳುವ ಪೆಟ್ಟಿಗೆಯೊಂದು ಹೀಗೆ ತಿದ್ದುವ ಹಲಗೆಯಾಯಿತು. ಆದರೆ ಫೋನಿಲ್ಲದ ಮನೆಗಳು ಎಷ್ಟೋ. ಅದೇ ವರ್ಷ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಆರಂಭಿಸಿದಾಗ ಮಕ್ಕಳನ್ನು ಮೂರು ಗುಂಪು ಮಾಡಿದ್ದರು: ಇಂಟರ್ನೆಟ್ ಇರುವ ಫೋನುಳ್ಳವರು, ಸಾದಾ ಫೋನುಳ್ಳವರು, ಏನೂ ಇಲ್ಲದವರು. ಮೇಷ್ಟ್ರುಗಳು ಊರೂರಿಗೆ, ಕೇರಿ ಕೇರಿಗೆ ನಡೆದುಹೋಗಿ ದೇವಸ್ಥಾನದ ಪ್ರಾಂಗಣದಲ್ಲಿ, ಅರಳಿಕಟ್ಟೆಯ ಮೇಲೆ, ಮನೆಯ ಜಗುಲಿಯ ಮೇಲೆ ಪಾಠ ಹೇಳಿದರು. ಬೆಲ್ ಕುದುರೆಯ ಮೇಲಿಂದ ನೋಡಿದ್ದ ಶಾಲೆ ಎರಡು ಶತಮಾನ ಕಳೆದು ಮತ್ತೆ ಕಾಣಿಸಿತು. ಸೋಂಕು ಹರಡುತ್ತಿದೆಯೆಂಬ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. 2021ರ ಜನವರಿ 1ರಂದು, ಈ ಸಲ ಶಾಲೆಯ ಆವರಣದಲ್ಲೇ, ಮತ್ತೆ ಆರಂಭಿಸಿದರು.